ಹಿಂಬದಿಯ ಎರಡು ಕಿಂಡಿಗಳು

ಮೇಜಿನ ಹಿಂದೆ ಮಂಡಿಯೂರಿ ಕೂತ ಹೇಮಶ್ರೀಗೆ ಮೊದಲು ಕಂಡದ್ದು ತನ್ನದೇ ಅಕ್ಷರ. ಕಂಪ್ಯೂಟರಿನ ಹಿಂಬದಿಯ ಕಿಂಡಿಗಳ ಪಕ್ಕದಲ್ಲಿ ಬಿಳಿ ಚೀಟಿ, ನೀಲಿ ಶಾಯಿ, ಮೇಲೆ ಪಾರದರ್ಶಕ ಟೇಪು: ಕೀಬೋರ್ಡ್, ಮೌಸ್, ಇಂಟರ್ನೆಟ್, ಮಾನಿಟರ್. ಅಳತೆಪಟ್ಟಿಯಿಟ್ಟು ಗೆರೆ ಎಳೆದು, ಗೆರೆಯ ಮೇಲೆ ಬರೆದು, ಆಮೇಲೆ ಗೆರೆಯನ್ನು ರಬ್ಬರಿನಿಂದ ಅಳಿಸಿದ್ದಳು. ಇಂಥ ಅಕ್ಷರ ಬರೆಯುವ ಹುಡುಗಿಯನ್ನು ಯಾರು ಬೇಕಾದರೂ ನಂಬಬಹುದು ಅನ್ನಿಸಿತು. ಅನ್ನಿಸಿದ ಕ್ಷಣವೇ ಕಿವಿಯ ತುದಿಯವರೆಗೂ ಬಿಸಿ ಏರಿತು. ಹನ್ನೆರಡು ದಿನಗಳಿಂದ ಯಾರೂ ಮುಟ್ಟದ ಡಬ್ಬಿಯ ಮೇಲೆ ಹಬ್ಬಿದ ಧೂಳು ಚೀಟಿಗಳನ್ನೂ ಬಿಟ್ಟಿರಲಿಲ್ಲ. ಬೆರಳಿನಿಂದ ಒರೆಸಲು ಹೋದವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

ಹಾನುಬಾಳು ರಸ್ತೆಯಲ್ಲಿ ಬೆಳೆಗಾರರ ಸಂಘದ ಮಹಡಿಯ ಮೇಲಿನ ಈ ಕೋಣೆಗೆ ಸುತ್ತಲಿನವರು ಇಟ್ಟ ಹೆಸರು ಆನೆ ಆಫೀಸು. ಕಾಡಂಚಿನ ಮರಗಳಿಗೆ ಕಟ್ಟಿದ ಕ್ಯಾಮೆರಾಗಳ ಚಿತ್ರಗಳೂ ಕಾವಲುಗಾರ ದೇವೀರಪ್ಪನ ಕರೆಗಳೂ ಇಲ್ಲಿಗೆ ಬರುತ್ತಿದ್ದವು. ಆನೆ ಯಾವ ತೋಟದಿಂದ ಯಾವ ತೋಟಕ್ಕೆ ದಾಟಿತೆಂಬುದನ್ನು ಪರದೆಯ ನಕ್ಷೆಯಲ್ಲಿ ಗುರುತಿಸುವುದು, ಆ ದಿಕ್ಕಿನ ಕೂಲಿಲೈನುಗಳಲ್ಲಿ ವಾಸಿಸುವ ಆಳುಗಳ ಫೋನುಗಳಿಗೆ ಸಂದೇಶ ಕಳಿಸುವುದು, ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಒಂದು ಕರೆ ಮಾಡುವುದು, ಇಷ್ಟು ಅವಳ ಕೆಲಸ. ಕರೆ ಮುಟ್ಟಿದರೆ ಸಾಕು, ರೈಟರು ಕೆಲಸ ಬಿಟ್ಟು ಹೊರಟ ಆಳುಗಳನ್ನು ಸ್ಟೋರಿನ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದರು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ಆನೆ ಕಾಯುವುದೇ ಎಂದು ಚಿಕ್ಕಮ್ಮ ಮೂಗು ಮುರಿದಿದ್ದಳು. ಹೇಮಶ್ರೀಗೆ ಮಾತ್ರ ಈ ಕೆಲಸದಲ್ಲಿ ಒಂದು ಗುಟ್ಟಿನ ಹೆಮ್ಮೆಯಿತ್ತು: ಮೂರು ವರ್ಷಗಳಲ್ಲಿ ಅವಳ ಕಾವಲಿನ ಹೊತ್ತಿನಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೊಸಗದ್ದೆ ಎಸ್ಟೇಟಿನ ಕೆಳಗಿನ ಲೈನಿನಿಂದ ಮುನಿಯಮ್ಮನ ಕರೆ ಬರುತ್ತಿತ್ತು. "ಕಂಪೂಟ್ರಮ್ಮಾ, ನಿನ್ ಗಣೇಸ ಇವತ್ತು ಯಾವ ಊರಾಗವ್ನೆ?" "ವನಗೂರಿನ ಕಡೆ ಹೋಗಿದಾನೆ, ಧೈರ್ಯವಾಗಿ ಕೆಲಸಕ್ಕೆ ಹೋಗಿ ಮುನಿಯಮ್ಮ," ಎನ್ನುತ್ತಿದ್ದಳು ಹೇಮಶ್ರೀ. "ಹೋಗ್ಲಿ ಬುಡು, ಅಲ್ಲೇ ಒಂದು ಹೆಣ್ ನೋಡಿ ಮದ್ವೆ ಮಾಡ್ಬುಡು ಅವುನ್ಗೆ. ಆಮೇಲ್ ನಿಂಗೂ ಒಂದ್ ಗಂಡ್ ನೋಡಾನ." ನಗುವೂ ಕೆಮ್ಮೂ ಒಟ್ಟಿಗೇ ಕೇಳಿಸುತ್ತಿದ್ದ ಆ ದನಿಯ ಹೆಂಗಸನ್ನು ಹೇಮಶ್ರೀ ಎದುರೆದುರು ನೋಡಿದ್ದು ಎರಡೇ ಸಲ. ಮೂರನೆಯ ಸಲ ನೋಡಿದಾಗ ಅವಳ ಮೇಲೆ ಕಾಫಿಯ ಗೋಣಿಚೀಲ ಹೊದಿಸಿದ್ದರು. ತೊರೆಯ ಪಕ್ಕದಲ್ಲಿ ಊಟದ ಡಬ್ಬಿ ನೆಟ್ಟಗೆ ನಿಂತಿತ್ತು, ಬಟ್ಟೆಯ ಗಂಟು ಕೂಡ ಸಡಿಲವಾಗಿರಲಿಲ್ಲ.

"ಏನಮ್ಮ ಹೇಮಾ, ಸ್ಕ್ರೀನ್ ಬಂತಾ?" ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ನಟರಾಜ್ ನಿಂತಿದ್ದರು. ಜೀಪಿನ ಕೀಲಿಗೊಂಚಲು ಅವರ ಬೆರಳಲ್ಲಿ ತಿರುಗುತ್ತಿತ್ತು.

"ಇನ್ನೂ ಇಲ್ಲ ಸಾರ್."

"ನಾಳೆ ಫಾರೆಸ್ಟ್ನೋರು ಬರ್ತಾರೆ. ನನ್ ಲ್ಯಾಪ್‌ಟಾಪ್ ಇಟ್ಕಂಡು ಎಷ್ಟ್ ದಿನ ಅಂತ ತಳ್ಳೋದು? ಸುಟ್ಟೋಗಿದ್ರೆ ಹೇಳು, ಹೊಸ ಮಾನಿಟರ್ ತರ್ಸ್ಬುಡಾಣ."

"ಸುಟ್ಟಿಲ್ಲ ಸಾರ್. ಮಾನಿಟರ್ ಚೆನ್ನಾಗೇ ಇದೆ."

ಕೀಲಿಗೊಂಚಲು ನಿಂತಿತು. "ಸಿಡಿಲಿಗೆ ಸುಟ್ಟೋಯ್ತು ಅಂತ ಊರಿಗೆಲ್ಲ ಹೇಳಿದೀನಲ್ಲ ಮಾರಾಯ್ತಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ಪಾಠ ಒಪ್ಪಿಸುವುದನ್ನು ಕಲಿಸುವವರ ತಾಳ್ಮೆಯಿತ್ತು. "ಮೆಸೇಜ್ ಮೊದ್ಲೇ ಹೋಗಿತ್ತು, ಆಮೇಲೆ ಸಿಡಿಲು ಹೊಡೀತು. ಅಷ್ಟೇ ಕಣಮ್ಮ. ನೀನೇನೂ ಹೇಳಕ್ಕೋಗ್ಬೇಡ. ಹೋದ್ ಜೀವ ವಾಪಸ್ ಬರಲ್ಲ, ಈ ಆಫೀಸ್ ಮುಚ್ಚಿದ್ರೆ ಇನ್ನ್ ನಾಕು ಹೋಗ್ತವೆ. ಹೌದಲ್ವ?" ಹೌದು ಎಂದು ಅವಳ ತಲೆ ಆಡಿತು. ತೊರೆಯ ಪಕ್ಕದಲ್ಲಿ ಅವರು ಜನರೆದುರು ಇದೇ ಮಾತನ್ನು ಮೊದಲ ಬಾರಿ ಆಡಿದಾಗಲೂ ಅವಳು ಅವರ ಪಕ್ಕದಲ್ಲೇ ನಿಂತು ನೆಲ ನೋಡಿದ್ದಳು. ತಲೆಯೂ ಆಡಿರಲಿಲ್ಲ, ಆದರೆ ನೆಲ ನೋಡಿದ್ದೇ ಸಾಕಾಯಿತು. ಅನುಮಾನ ಯಾರಿಗೂ ಬರಲಿಲ್ಲ. ಗುಡುಗಿನ ಹೊತ್ತಿನಲ್ಲಿ ಲೈನಿನವರೆಲ್ಲ ಫೋನು ಆರಿಸಿಕೊಂಡು ಕೂತಿದ್ದರು. ತಮಗೆ ಸಂದೇಶ ಬರದಿದ್ದುದಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನನ್ನೇ ಬೈದುಕೊಂಡರು.

ಏಪ್ರಿಲ್ ಬಂತೆಂದರೆ ಈ ಸೀಮೆಯಲ್ಲಿ ಮೊದಲ ಗುಡುಗಿಗೆ ಮನೆಮನೆಯಲ್ಲೂ ಒಂದೇ ಓಟ: ಟಿವಿ, ಫ್ರಿಜ್ಜು, ಬೇಲಿಯ ಕರೆಂಟಿನ ಡಬ್ಬಿ, ಯಾವುದರ ವಯರೂ ಗೋಡೆಯಲ್ಲಿ ಉಳಿಯಕೂಡದು. ಅವಳ ತಾಯಿ ಹಾಲು ಉಕ್ಕುತ್ತಿದ್ದರೂ ಒಲೆಯ ಕಡೆ ತಿರುಗದೆ ವಯರು ಕೀಳಲು ಓಡುವವಳು. ಆಫೀಸಿನಲ್ಲಿಯೂ ಅದೇ ನಿಯಮ. ದಿನಾ ಮಧ್ಯಾಹ್ನ ಕಿತ್ತು ದಿನಾ ಸಂಜೆ ಸಿಕ್ಕಿಸುವಾಗ ಒಂದರದು ಒಂದಕ್ಕೆ ಹೋಗಬಾರದೆಂದೇ ಹೇಮಶ್ರೀ ಚೀಟಿಗಳನ್ನು ಅಂಟಿಸಿದ್ದು. ಆವತ್ತು ಮಧ್ಯಾಹ್ನ ಮೂರೂವರೆಗೆ, ಬಹಳ ದಿನಗಳಿಂದ ಕಂಪ್ಯೂಟರು ಕೇಳುತ್ತಲೇ ಇದ್ದ ಫರ್ಮ್‌ವೇರ್ ಅಪ್‌ಡೇಟನ್ನು, ಅಂದರೆ ಯಂತ್ರದ ಮೂಲ ತಂತ್ರಾಂಶವನ್ನು ಹೊಸದು ಮಾಡುವುದನ್ನು, ಮುಗಿಸೋಣವೆಂದು ಕೂತಳು. ಆನೆಗಳು ನೆರಳಲ್ಲಿ ನಿಲ್ಲುವ ಹೊತ್ತು, ಎಲ್ಲ ಶಾಂತವಾಗಿತ್ತು. ನಡುವೆ ಕಂಪ್ಯೂಟರನ್ನು ಆರಿಸಕೂಡದು ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ನಾಲ್ಕಕ್ಕೆ ಗುಡುಗು ಶುರುವಾದಾಗ ಹುಟ್ಟಿದಂದಿನಿಂದ ಅಭ್ಯಾಸವಾದ ಕೈಗಳು ಗೋಡೆಯ ಕಡೆಗೆ ತಾವಾಗಿ ಚಾಚಿಕೊಂಡವು. ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು, ಪರದೆಯ ಪಟ್ಟಿ ನೂರು ತಲುಪುವ ತನಕ ಉಸಿರು ಬಿಗಿಹಿಡಿದು ಕೂತಳು. ತಲುಪಿತು. ಕ್ರಮವಾಗಿ ಆರಿಸಿ, ಎಲ್ಲ ವಯರುಗಳನ್ನೂ ಕಿತ್ತಳು. ಗುಡುಗು ಘಟ್ಟದ ಕಡೆ ಸರಿದ ಮೇಲೆ, ನಾಲ್ಕು ಹತ್ತಕ್ಕೆ, ಚೀಟಿ ನೋಡಿ ನೋಡಿ ಒಂದೊಂದನ್ನೂ ಅದರದರ ಕಿಂಡಿಗೆ ಸಿಕ್ಕಿಸಿದಳು. ಒಂದೂ ತಪ್ಪಿರಲಿಲ್ಲ. ಗುಂಡಿ ಒತ್ತಿದಾಗ ಸ್ಪೀಕರಿನಿಂದ ಎಂದಿನ ಸ್ವಾಗತದ ದನಿ ಬಂತು. ಪರದೆ ಮಾತ್ರ ಕಪ್ಪಗಿತ್ತು. ಸಿಗ್ನಲ್ ಇಲ್ಲ ಎನ್ನುವ ಸಣ್ಣದೊಂದು ಚೌಕ ಆ ಕಪ್ಪಿನಲ್ಲಿ ಅಂಚುಗಳಿಗೆ ಬಡಿಯುತ್ತ ತಿರುಗುತ್ತಿತ್ತು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಮಿಕ್ಕದ್ದೆಲ್ಲ ಇದ್ದ ಹಾಗೇ ಇರಬೇಕು: ಹಾಸನದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೇಡಂ ಹೇಳಿಕೊಟ್ಟ ಆ ಮಾತನ್ನು ಅವಳಷ್ಟು ನಿಷ್ಠೆಯಿಂದ ಪಾಲಿಸಿದವರಿರಲಿಲ್ಲ, ಪ್ರಾಯೋಗಿಕ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತೊಂಬತ್ತು. ನೋಟ್‌ಬುಕ್ಕಿನಲ್ಲಿ ಆವತ್ತಿನ ಪುಟ ಈಗಲೂ ಇದೆ. ಒಂದು, ಮಾನಿಟರಿನ ಕರೆಂಟು, ಸರಿ. ಎರಡು, ಕೇಬಲ್ಲಿನ ಎರಡೂ ತುದಿ, ಸರಿ. ಮೂರು, ಬೇರೆ ಕೇಬಲ್, ಫಲವಿಲ್ಲ. ನಾಲ್ಕು, ಒಳಗಿನ ಮೆಮೊರಿ ಪಟ್ಟಿಯನ್ನು ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ನಾಲ್ಕರ ಮುಂದೆ ಏನೂ ಬರೆದಿಲ್ಲ. ಆ ಪಟ್ಟಿಯನ್ನು ಎರಡು ಬೆರಳುಗಳ ನಡುವೆ ಹಿಡಿದಿದ್ದಾಗಲೇ, ನಾಲ್ಕು ಇಪ್ಪತ್ತೆರಡಕ್ಕೆ, ಫೋನು ಅಲುಗಿ ದೇವೀರಪ್ಪನ ಹೆಸರು ಮೂಡಿತು. ಪರದೆ ಬರಲಿ, ಆಮೇಲೆ ಮಾತಾಡಿದರಾಯಿತು, ನಕ್ಷೆಯಿಲ್ಲದೆ ಅವನು ಹೇಳಿದ್ದನ್ನು ಎಲ್ಲಿ ಗುರುತಿಸಲಿ ಎಂದುಕೊಂಡು ಕಿರುಬೆರಳಿನಿಂದ ಕರೆಯನ್ನು ಕತ್ತರಿಸಿದಳು. ನಾಲ್ಕು ಮೂವತ್ತೊಂದಕ್ಕೆ ಮತ್ತೆ. ಆಗ ಕತ್ತರಿಸುವ ಮೊದಲು ಒಂದು ಮಾತು ಬಾಯಿಂದ ಹೊರಬಿತ್ತು: "ಥೂ, ಇವನೊಬ್ಬ." ಕೋಣೆಯಲ್ಲಿ ಯಾರೂ ಇರಲಿಲ್ಲ, ಯಾರೂ ಕೇಳಿಸಿಕೊಂಡಿರಲಿಲ್ಲ. ಹನ್ನೆರಡು ದಿನಗಳಿಂದ ಹಲ್ಲುಜ್ಜುವಾಗ, ಅನ್ನ ಕಲಸುವಾಗ, ಬಸ್ಸಿನಲ್ಲಿ ಚಿಲ್ಲರೆ ಎಣಿಸುವಾಗ, ಆ ಥೂ ನಾಲಗೆಯ ಬುಡದಲ್ಲಿ ಎದ್ದು ನಿಲ್ಲುತ್ತದೆ. ಮೂರನೆಯ ಸಲ ದೇವೀರಪ್ಪ ಫೋನು ಮಾಡಲಿಲ್ಲ. ಗುಡ್ಡವಿಳಿದು ಓಡಿದ. ಅವನು ತೊರೆಯನ್ನು ಮುಟ್ಟುವ ಹೊತ್ತಿಗೆ ಆನೆ ಬಂದು ಹೋಗಿತ್ತು, ಎಲ್ಲ ಮುಗಿದಿತ್ತು. ಮರುದಿನ ಸಿಕ್ಕಾಗ, "ನಿನ್ ಲೈನು ಬಿಜಿ ಬತ್ತಿತ್ತು ಕನವ್ವಾ, ಎಲ್ಲಾರ್ಗೂ ನೀನೇ ಮಾಡ್ತಿದ್ದೆ ಅನ್ಸುತ್ತೆ," ಎಂದು ಅವನೇ ಅವಳಿಗೊಂದು ಸಮಜಾಯಿಷಿ ಕೊಟ್ಟ. ಎಲ್ಲರೂ ಅವಳಿಗೆ ಏನಾದರೊಂದು ಕೊಡುತ್ತಿದ್ದರು. ಅವಳು ತೆಗೆದುಕೊಳ್ಳುತ್ತಿದ್ದಳು.

ಜೀಪು ಹೊರಟ ಸದ್ದು ಅಡಗಿದ ಮೇಲೆ ಮೆಟ್ಟಿಲ ಮೇಲೆ ಬರಿಗಾಲಿನ ಹೆಜ್ಜೆಗಳು ಕೇಳಿಸಿದವು. ಚಪ್ಪಲಿಯನ್ನು ಕೆಳಗಿನ ಮೆಟ್ಟಿಲಲ್ಲೇ ಬಿಟ್ಟು ಬಂದವನು ಸಿದ್ದಯ್ಯ, ಮುನಿಯಮ್ಮನ ಗಂಡ. ತಿಥಿಗೆಂದು ಮೀಸೆ ಬೋಳಿಸಿದ ಮೇಲುತುಟಿ ಅವನ ಮುಖವನ್ನು ಬೇರೆ ಯಾರದ್ದೋ ಮಾಡಿತ್ತು. ಹೇಮಶ್ರೀ ಮೇಜಿನ ಹಿಂದಿನಿಂದ ಎದ್ದಳು. ಏಳುವಾಗ ಮೇಜಿನಂಚು ತಲೆಗೆ ತಗಲಿತು.

"ನಿಧಾನ ಕನವ್ವಾ," ಎಂದು ಅವನೇ ಮುಂದೆ ಬಂದ. "ಪೆಟ್ಟಾಯ್ತಾ?"

"ಇಲ್ಲ ಸಿದ್ದಣ್ಣ. ಬನ್ನಿ, ಕೂತ್ಕೊಳ್ಳಿ."

"ಕುರ್ಚಿ ಬ್ಯಾಡ. ಇಲ್ಲೇ ತಂಪೈತೆ." ಗೋಡೆಗೊರಗಿ ನೆಲದ ಮೇಲೆ ಕೂತ. "ನಿನ್ನೆಗೆ ತಿಥಿ ಮುಗೀತು. ಮಗ್ಳೂ ಬೆಳಿಗ್ಗೆ ಗಂಡನ ಮನೆಗ್ ಹೊಂಟ್ಲು. ಒಂದ್ ಮಾತು ಕೇಳ್ಕಂಡ್ ಹೋಗಾನ ಅಂತ ಬಂದೆ." ಜೇಬಿನಿಂದ ಗುಂಡಿ ಒತ್ತುವ ಹಳೆಯ ಫೋನನ್ನು ತೆಗೆದು ನೆಲದ ಮೇಲೆ, ತನಗೂ ಅವಳಿಗೂ ನಡುವೆ, ಇಟ್ಟ. "ಇದು ದಿನಾ ಅವಳ ಎಲೆಅಡಿಕೆ ಚೀಲದಾಗೇ ಇರೋದು. ಆವತ್ತು ರೇಷನ್ನಿಗೆ ಅದೇನೋ ನಂಬರ್ ಬತ್ತದಲ್ಲ, ಅದಕ್ಕೆ ಅಂತ ನಾನು ಇಸ್ಕಂಡ್ ಹೋದೆ. ತಗಂಡ್ ಹೋಗು, ಸಂಜೆಗೆ ಕೊಡು ಅಂದ್ಲು. ನಾಕು ಗಂಟೆ ಬಸ್ಸು ತಪ್ಪೋಯ್ತು, ಗುಡುಗ್ತು, ಆಫ್ ಮಾಡ್ಬುಟ್ಟೆ. ಆಫ್ ಮಾಡಿ ಹೋಟ್ಲಾಗೆ ಟೀ ಕುಡೀತಾ ಕೂತ್ಬುಟ್ಟೆ."

ಹೇಮಶ್ರೀ ಏನೋ ಹೇಳಲು ಬಾಯಿ ತೆರೆದಳು.

"ನಟರಾಜಪ್ಪೋರು ಅಂದ್ರು, ಮೆಸೇಜು ಬಂದಿತ್ತು ಅಂತ. ಎಷ್ಟೊತ್ತಿಗೆ ಬಂದಿತ್ತು ಅನ್ನೋದೊಂದು ನಂಗೆ ಗೊತ್ತಾಗ್ಬೇಕು. ನಿಮ್ ಕಂಪೂಟ್ರಾಗೆ ಇರ್ತದಂತಲ್ಲ? ನಾನು ಆಫ್ ಮಾಡೋಕ್ ಮುಂಚೆ ಬಂದಿದ್ರೆ, ಜೇಬ್ನಾಗೆ ಕುಯ್ಗುಟ್ಟಿದ್ದು ನನ್ ಕಿವಿಗೆ ಬಿದ್ದಿಲ್ಲ. ಆಮೇಲ್ ಬಂದಿದ್ರೆ..." ಅವನು ಫೋನನ್ನು ಬೆರಳಿನಿಂದ ಒಂದಿಷ್ಟು ದೂರ ತಳ್ಳಿದ. "ಆಫ್ ಆಗಿರೋ ಫೋನಿಗೆ ಕಳ್ಸಿದ್ ಮೆಸೇಜು ಎಲ್ಲೋಯ್ತದವ್ವಾ?"

ಇದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಎಲ್ಲಿಗೂ ಹೋಗುವುದಿಲ್ಲ, ಕಂಪನಿಯ ಯಂತ್ರದಲ್ಲಿ ಕಾಯುತ್ತಿರುತ್ತದೆ, ಫೋನು ಹೊತ್ತಿಸಿದ ಕೂಡಲೇ ಬಂದು ಸೇರುತ್ತದೆ.

"ಮತ್ತೆ ಆನ್ ಮಾಡಿದ್ದು ಯಾವಾಗ ಸಿದ್ದಣ್ಣ?"

"ಸಂಜೆ ಆರಕ್ಕೆ. ಅಷ್ಟೊತ್ತಿಗೆ ಜನ ಬಂದು ಹೇಳಿದ್ರು."

"ಆಗ ಏನೂ ಬರ್ಲಿಲ್ವಾ?"

"ಏನೂ ಬರ್ಲಿಲ್ಲ. ಅದ್ಕೇ ಕೇಳಿದ್ದು, ಎಲ್ಲೋಗಿರ್ತದೆ ಅಂತ."

ಒಂದು ವಾಕ್ಯ ಸಾಕಿತ್ತು. ಬರದಿದ್ದರೆ ಕಳಿಸಿಲ್ಲವೆಂದೇ ಅರ್ಥ: ಗಣಿತದಷ್ಟು ನೇರವಾದ ಆ ಒಂದು ವಾಕ್ಯಕ್ಕೆ ಈ ಮನುಷ್ಯನನ್ನು ಆ ಹೋಟೆಲಿನ ಬೆಂಚಿನಿಂದ ಎಬ್ಬಿಸಿ ಮನೆಗೆ ಕಳಿಸುವ ಶಕ್ತಿಯಿತ್ತು. ಹನ್ನೆರಡು ದಿನಗಳಿಂದ ಅವನು ಅಲ್ಲೇ ಕೂತಿದ್ದ, ಆ ಟೀ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ. ಅವಳು ಹೇಳಿದ್ದು, "ಸ್ಕ್ರೀನ್ ಬರ್ಲಿ ಸಿದ್ದಣ್ಣ, ನೋಡಿ ಹೇಳ್ತೀನಿ." ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಆವತ್ತು ಮನಸ್ಸಿನಲ್ಲಿ ಆಡಿದ್ದನ್ನು ಇವತ್ತು ಬಾಯಿಬಿಟ್ಟು ಆಡಿದ್ದಳು. ನಡುವೆ ಒಂದು ಸಾವು ಆಗಿತ್ತು, ಮಾತು ಬದಲಾಗಿರಲಿಲ್ಲ.

ಮತ್ತೆ ಮಂಡಿಯೂರಿದಳು. ಕಾರಣ ನಿನ್ನೆಯೇ ತಿಳಿದಿತ್ತು. ಅಪ್‌ಡೇಟಿನ ಸೂಚನೆಗಳ ಹನ್ನೊಂದನೆಯ ಪುಟದಲ್ಲಿ, ಕೆಂಪು ಅಕ್ಷರಗಳೆಲ್ಲ ಮುಗಿದ ಮೇಲೆ, ಸಣ್ಣ ಅಕ್ಷರದಲ್ಲಿತ್ತು: ಹಳೆಯ ಸೆಟ್ಟಿಂಗುಗಳೆಲ್ಲ ಅಳಿಸಿಹೋಗಿ ಯಂತ್ರ ಮೊದಲಿನ ಸ್ಥಿತಿಗೆ ಮರಳುತ್ತದೆ. ಕಂಪ್ಯೂಟರಿನ ಬೆನ್ನಲ್ಲಿ ಚಿತ್ರ ಹೊರಡುವ ಕಿಂಡಿಗಳು ಎರಡು. ಮೇಲಿನದು ಮದರ್‌ಬೋರ್ಡಿನದು, ಮೂರು ವರ್ಷ ಕೆಲಸ ಮಾಡಿದ್ದು, ಚೀಟಿ ಅಂಟಿಸಿಕೊಂಡದ್ದು. ಕೆಳಗಿನದು ಚಿತ್ರಕ್ಕೆಂದೇ ಬೇರೆಯಾಗಿ ಕೂರಿಸಿದ ಗ್ರಾಫಿಕ್ಸ್ ಕಾರ್ಡಿನದು, ಯಾರೂ ಬಳಸದೆ ರಬ್ಬರಿನ ಮುಚ್ಚಳ ಹಾಕಿಕೊಂಡೇ ಇದ್ದದ್ದು. ಅಪ್‌ಡೇಟಾದ ಮೇಲೆ ಚಿತ್ರ ಕೆಳಗಿನದರಿಂದ ಹೊರಡುತ್ತಿತ್ತು. ಆವತ್ತು ಅವಳು ಮೆಮೊರಿ ಪಟ್ಟಿಯನ್ನು ಕೀಳುವ ತನಕ ಒಳಗೆ ಎಲ್ಲ ಎಚ್ಚರವಾಗಿತ್ತು, ನಕ್ಷೆ ತೆರೆದಿತ್ತು, ಕ್ಯಾಮೆರಾಗಳು ನೋಡುತ್ತಿದ್ದವು. ಅವಳು ಮಾತ್ರ ತಾನು ಅಂದವಾಗಿ ಬರೆದ ಚೀಟಿಯನ್ನು ನಂಬಿ, ಮಿಕ್ಕ ಎಲ್ಲವನ್ನೂ ಕ್ರಮವಾಗಿ ಅನುಮಾನಿಸುತ್ತ ಹೋಗಿದ್ದಳು. ನಿನ್ನೆ ತಿಳಿದದ್ದನ್ನು ಇವತ್ತಿನವರೆಗೆ ಮಾಡದೆ ಏಕೆ ಉಳಿಸಿದೆ ಎಂದು ಕೇಳಿಕೊಳ್ಳುವ ಧೈರ್ಯವಾಗಲಿಲ್ಲ. ಮೆಮೊರಿ ಪಟ್ಟಿಯನ್ನು ಮತ್ತೆ ಕೂರಿಸಿ ಕಂಪ್ಯೂಟರನ್ನು ಆಗಲೇ ಹೊತ್ತಿಸಿಟ್ಟಿದ್ದಳು; ರಬ್ಬರಿನ ಮುಚ್ಚಳ ಕಿತ್ತು ಕೇಬಲನ್ನು ಕೆಳಗಿನ ಕಿಂಡಿಗೆ ಒತ್ತಿದಳು. ಎರಡು ಸೆಕೆಂಡು ಕೂಡ ಹಿಡಿಯಲಿಲ್ಲ.

"ಬಂತು ಬಂತು," ಎಂದ ಸಿದ್ದಯ್ಯ. ಅವನ ಮುಖದ ಮೇಲೆ ಪರದೆಯ ಹಸಿರು ಬಿದ್ದಿತ್ತು. ಅವನು ಎದ್ದು, ಕೈಗಳನ್ನು ಪಂಚೆಗೆ ಒರೆಸಿಕೊಂಡು, ದೇವರ ಮುಂದೆ ನಿಲ್ಲುವವನ ಹಾಗೆ ಒಂದು ಮಾರು ದೂರದಲ್ಲಿ ನಿಂತ.

ಅವಳು ಕಳಿಸಿದ ಸಂದೇಶಗಳ ಪಟ್ಟಿಯನ್ನು ತೆರೆದಳು. ಆ ದಿನಾಂಕ. ಬೆಳಿಗ್ಗೆ ಏಳು ಐದು. ಹನ್ನೊಂದು ಇಪ್ಪತ್ತು. ಅದರ ಕೆಳಗೆ ಏನೂ ಇಲ್ಲ, ಬಿಳಿ ಜಾಗ.

"ಸಿದ್ದಣ್ಣ, ಇಲ್ ನೋಡಿ. ಆವತ್ತು ಹನ್ನೊಂದು ಇಪ್ಪತ್ತಕ್ಕೆ ಒಂದು ಹೋಗಿದೆ. ಆಮೇಲೆ ಹೋಗಿಲ್ಲ. ಸಾಯಂಕಾಲದ ಮೆಸೇಜ್ ನಾನು ಕಳಿಸ್ಲೇ ಇಲ್ಲ."

ಅವನು ಓದು ಬಾರದ ಕಣ್ಣುಗಳಿಂದ ಆ ಬಿಳಿಯನ್ನು ನೋಡಿದ. ಆಮೇಲೆ ಅವಳನ್ನು.

"ದೇವೀರಪ್ಪ ಎರಡ್ ಸಲ ಫೋನ್ ಮಾಡಿದ. ಎರಡ್ ಸಲಾನೂ ನಾನೇ ಕಟ್ ಮಾಡ್ದೆ. ಸ್ಕ್ರೀನ್ ಬಂದಿರ್ಲಿಲ್ಲ, ಈ ವಯರ್ ನೋಡ್ತಾ ಕೂತಿದ್ದೆ. ರೈಟರಿಗೂ ಹೇಳ್ಲಿಲ್ಲ. ನಿಮ್ ಫೋನ್ ಆನ್ ಇದ್ದಿದ್ರೂ ಏನೂ ಬರ್ತಿರ್ಲಿಲ್ಲ ಸಿದ್ದಣ್ಣ. ಮುನಿಯಮ್ಮನ ಹತ್ರಾನೇ ಇದ್ದಿದ್ರೂ ಬರ್ತಿರ್ಲಿಲ್ಲ. ನಿಮ್ದೇನೂ ತಪ್ಪಿಲ್ಲ, ನಂದು." ಹನ್ನೆರಡು ದಿನ ಭಾರವಾಗಿದ್ದದ್ದು ಆಡಿದಾಗ ಇಷ್ಟೇ ಆಗಿತ್ತು, ಆರೇಳು ವಾಕ್ಯ. ಅವಳು ಕಾದಳು. ಅವನು ಕೂಗಬಹುದು. ಮೇಜಿನ ಮೇಲಿನದನ್ನೆಲ್ಲ ಎತ್ತಿ ಬಿಸಾಡಬಹುದು. ಕೂಗಲಿ ಎಂದು ಅವಳ ಇಡೀ ಮೈ ಆಸೆಪಟ್ಟಿತು.

ಸಿದ್ದಯ್ಯ ತಲೆಯನ್ನು ನಿಧಾನವಾಗಿ ಅಲ್ಲಾಡಿಸಿದ. "ದೇವೀರಪ್ಪನ್ನ ನಾನೂ ಕೇಳಿದೀನಿ ಕನವ್ವಾ. ನಿಮ್ ಲೈನು ಬಿಜಿ ಬತ್ತಿತ್ತು ಅಂದ. ಎಲ್ಲಾರ್ಗೂ ಮಾಡ್ತಾ ಇದ್ರಿ ನೀವು."

"ಇಲ್ಲ ಸಿದ್ದಣ್ಣ, ಕಟ್ ಮಾಡಿದ್ರೆ ಹಾಗೇ ಕೇಳ್ಸುತ್ತೆ..."

"ಅವಳು ಹೇಳೋಳು, ಆ ಹುಡ್ಗಿ ಗಡಿಯಾರ ಇದ್ದಂಗೆ, ಸೂರ್ಯ ತಪ್ಪಿದ್ರೂ ಅದು ತಪ್ಪಾಕಿಲ್ಲ ಅಂತ." ಅವನ ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಅದು ಅವಳು ಕಾದಿದ್ದ ನೀರಲ್ಲ. ಅದರಲ್ಲಿ ಅವಳ ಮೇಲಿನ ಕರುಣೆಯಿತ್ತು. "ನನ್ ಸಂಕಟ ನೋಡ್ಲಾರ್ದೆ ಹಿಂಗ್ ಹೇಳ್ತಿದೀರ. ದೊಡ್ ಮನ್ಸು. ಬ್ಯಾಡ ಕನವ್ವಾ. ನನ್ ಪಾಪ ನೀವ್ಯಾಕ್ ಹೊರ್ತೀರ? ಬಾಳಿ ಬದುಕೋ ಹುಡ್ಗಿ."

"ಸುಳ್ಳಲ್ಲ ಸಿದ್ದಣ್ಣ. ನಿಮ್ಮಾಣೆ. ಮುನಿಯಮ್ಮನ ಆಣೆ..."

ಮೇಜಿನ ಮೇಲೆ ಅವಳ ಫೋನು ಅಲುಗಿತು. ದೇವೀರಪ್ಪ. ಎರಡನೆಯ ಸಲ ಬಡಿಯುವ ಮೊದಲೇ ಅದು ಅವಳ ಕಿವಿಯಲ್ಲಿತ್ತು.

"ಅವ್ವಾ, ಒಂಟಿ ಸಲಗ. ಹೊಸಗದ್ದೆ ತೋಟದ ತೊರೆ ದಾಟ್ತು ಈಗ. ಕೆಳಗಿನ ಲೈನಿನ ಕಡೆ ಮಕ ಮಾಡೈತೆ."

ಅವಳ ಕೈಗಳು ಏನು ಮಾಡಲಿ ಎಂದು ಕೇಳಲಿಲ್ಲ. ನಕ್ಷೆಯ ಮೇಲೆ ಗುರುತು, ದಿಕ್ಕು, ಲೈನುಗಳ ಹೆಸರು, ಸಂದೇಶ. ರೈಟರಿಗೆ ಕರೆ. "ಜನ ಎಲ್ಲಿದಾರೆ? ಸ್ಟೋರಿನಲ್ಲೇ ಇರ್ಲಿ, ಯಾರನ್ನೂ ಬಿಡ್ಬೇಡಿ." ಒಂದೂವರೆ ನಿಮಿಷ. ಇಷ್ಟೇ ಹೊತ್ತು ಬೇಕಾಗಿದ್ದದ್ದು, ಆವತ್ತೂ.

ನೆಲದ ಮೇಲೆ, ಗೋಡೆಯ ಪಕ್ಕದಲ್ಲಿ, ಸಿದ್ದಯ್ಯನ ಹಳೆಯ ಫೋನು ಕುಯ್ ಎಂದಿತು. ಅವನು ಬಗ್ಗಿ ಅದನ್ನೆತ್ತಿಕೊಂಡು, ತೋಳುದ್ದ ದೂರ ಹಿಡಿದು, ಆ ಸಣ್ಣ ಬೆಳಕು ತಾನಾಗಿ ಆರುವ ತನಕ ನೋಡಿದ.

"ನೋಡಿ," ಎಂದ. "ಎಷ್ಟ್ ಸರ್ಯಾಗಿ ಬಂತು. ಆವತ್ತೂ ಹಿಂಗೇ ಬಂದಿರ್ತದೆ."

ಹೇಮಶ್ರೀ ಪಟ್ಟಿಯ ಬಿಳಿ ಜಾಗವನ್ನು ತೋರಿಸಲು ತಿರುಗಿದಳು. ಅಲ್ಲಿ ಈಗ ಹೊಸ ಸಾಲೊಂದು ಬಂದು ಕೂತಿತ್ತು, ಓದು ಬಾರದವನ ಪಾಲಿಗೆ ಎಲ್ಲ ಸಾಲುಗಳೂ ಒಂದೇ. ಸಿದ್ದಯ್ಯ ಫೋನನ್ನು ಅಂಗಿಯ ಜೇಬಿಗಿಳಿಸಿ, ಅದರ ಮೇಲೆ ಅಂಗೈಯನ್ನು ಒಂದು ಗಳಿಗೆ ಇಟ್ಟು, ಹೊರಡಲು ಬಾಗಿಲ ಕಡೆ ತಿರುಗಿದ.

"ಈಗ್ ಹೋಗ್ಬೇಡಿ," ಎಂದಳು. ಇದೊಂದು ಮಾತು ತಡೆಯಿಲ್ಲದೆ ಬಂತು. "ಅದು ನಿಮ್ ದಾರೀಲೇ ಇದೆ. ದೇವೀರಪ್ಪ ಹೇಳೋ ತನಕ ಇಲ್ಲೇ ಇರಿ."

"ಎಷ್ಟೊತ್ತಾಯ್ತದೆ?"

"ಹೇಳೋಕಾಗಲ್ಲ. ಕತ್ಲೆ ಆದ್ರೂ ಆಗ್ಬೋದು."

ಅವನು ವಾಪಸ್ ಬಂದು ಮೊದಲು ಕೂತಿದ್ದ ಜಾಗದಲ್ಲೇ ಗೋಡೆಗೊರಗಿ ಕೂತು, ಕಾಲುಗಳನ್ನು ನೀಡಿಕೊಂಡ.

"ಆಗ್ಲಿ ಬುಡವ್ವಾ," ಎಂದ. "ತಡ ಮಾಡಿ ಹೋದ್ರೆ ಬಯ್ಯೋಕೆ ಈಗ ಯಾರವ್ರೆ."